ಮಾಡ್ ಹಾಕೋದು ಯಾವಾಗ, ತಾತಾ?

ಚೌಕಾಬಾರಕ್ಕೆ ಎಲ್ಲ ಮನೆಯಲ್ಲೂ ಒಂದೇ ನಿಯಮ ಇರುವುದಿಲ್ಲ. ನಮ್ಮ ಮನೆಯಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಕಾಲಿಡುವಂತಿಲ್ಲ. ಪಕ್ಕದ ಮನೆಯವರು ಹಾಗೇನೂ ಕೇಳುವುದಿಲ್ಲ, ನೇರವಾಗಿ ಒಳಗೆ ನಡೆದುಬಿಡುತ್ತಾರೆ. ನನ್ನ ಸೋದರತ್ತೆಯ ಮನೆಯಲ್ಲಿ ಜೋಡಿ ಕಾಯಿಗೆ ಬೇರೆಯೇ ಮರ್ಯಾದೆ. ಮಣೆ ಅದೇ, ಕವಡೆ ಅದೇ, ಆಟ ಮಾತ್ರ ಮನೆಯಿಂದ ಮನೆಗೆ ಬೇರೆ. ಕಂಪ್ಯೂಟರ್ ಆಟಗಳ ವಿಷಯದಲ್ಲಿ ಮಕ್ಕಳು ‘ಮಾಡ್’ ಅನ್ನುತ್ತಾರಲ್ಲ, ಅದು ಹೆಚ್ಚುಕಡಿಮೆ ಇದೇ. ಮಾಡಿಫಿಕೇಶನ್ ಎಂಬ ಉದ್ದ ಮಾತಿನ ಗಿಡ್ಡ ರೂಪ. ಆಟವನ್ನು ತಯಾರಿಸಿದವರು ಒಂದು ರೀತಿಯಲ್ಲಿ ತಯಾರಿಸಿರುತ್ತಾರೆ. ಆಡುವವರಲ್ಲೇ ಪ್ರೋಗ್ರಾಮ್ ಬರೆಯಬಲ್ಲ ಯಾರೋ ಒಬ್ಬರು ಅದಕ್ಕೆ ತಮ್ಮದೊಂದು ತುಣುಕು ಸೇರಿಸಿ ಬದಲಾಯಿಸುತ್ತಾರೆ, ಬೇಕಾದವರು ತೆಗೆದುಕೊಳ್ಳಿ ಎಂದು ಹಂಚುತ್ತಾರೆ. ಹೆಚ್ಚಿನವಕ್ಕೆ ಕಾಸಿಲ್ಲ.

ಎಪ್ಪತ್ತನಾಲ್ಕು ವರ್ಷದ ಮುದುಕನಿಗೆ ಇದೆಲ್ಲ ಹೇಗೆ ಗೊತ್ತು ಎಂದು ನನ್ನ ವಯಸ್ಸಿನ ಓದುಗರು ಕೇಳಬಹುದು. ಎಂಟನೇ ತರಗತಿಯ ಮೊಮ್ಮಗಳಿದ್ದಾಳೆ. ಕಳೆದ ದಸರಾ ರಜೆಯಿಂದ ನಾವಿಬ್ಬರೂ ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟ ಆಡುತ್ತಿದ್ದೇವೆ. ಒಂದೇ ಕಂಪ್ಯೂಟರ್, ಒಂದೇ ಹೊಲ, ಸರದಿಯ ಮೇಲೆ ಆಟ. ಜಂಟಿ ಖಾತೆ ಎನ್ನಿ. ಶನಿವಾರ ಒಂದು ಗಂಟೆ, ಭಾನುವಾರ ಒಂದು ಗಂಟೆ, ಅದಕ್ಕಿಂತ ಹೆಚ್ಚಿಗೆ ಅವಳ ಅಮ್ಮ ಬಿಡುವುದಿಲ್ಲ.

ಈ ಆಟಕ್ಕೆ ನಾನು ಒಲಿದದ್ದು ಅದರ ಮೊದಲ ಎರಡು ನಿಮಿಷದಲ್ಲೇ. ಹಾಸಿಗೆ ಹಿಡಿದ ಒಬ್ಬ ತಾತ ಮೊಮ್ಮಗುವಿನ ಕೈಗೆ ಮುಚ್ಚಿದ ಲಕೋಟೆ ಕೊಡುತ್ತಾನೆ. ಬದುಕು ಭಾರವಾದ ದಿನ ಒಡೆದು ನೋಡು ಎನ್ನುತ್ತಾನೆ. ಮೊಮ್ಮಗು ದೊಡ್ಡದಾಗಿ, ಪಟ್ಟಣದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಬಾಡಿಹೋದಾಗ ಲಕೋಟೆ ತೆರೆಯುತ್ತದೆ. ಒಳಗಿರುವುದು ತಾತನ ಹೊಲದ ಪತ್ರ. ಹಳ್ಳಿಗೆ ಬಂದರೆ ಹೊಲದ ತುಂಬ ಕಳೆ, ಕಲ್ಲು, ಬಿದ್ದ ಮರ. ಕೈಯಲ್ಲಿ 500 ನಾಣ್ಯ. ಊರಿನ ಮುಖ್ಯಸ್ಥ ಕೊಟ್ಟ 15 ಪಾರ್ಸ್‌ನಿಪ್ ಬೀಜ (ಬಿಳಿ ಕ್ಯಾರೆಟ್ಟಿನಂಥ ಗೆಡ್ಡೆ, ನಾನೂ ಅದನ್ನು ಇಲ್ಲಿಯೇ ಮೊದಲು ಕಂಡದ್ದು). ಅಲ್ಲಿಂದ ಸಂಸಾರ ಶುರು. ಮೂರನೇ ವರ್ಷದ ಮೊದಲ ದಿನ ತೀರಿಹೋದ ತಾತ ಮತ್ತೆ ಬಂದು, ನೀನು ಹೊಲ ನೋಡಿಕೊಂಡದ್ದು ಹೇಗೆ ಎಂದು ಲೆಕ್ಕ ಹಾಕುತ್ತಾನೆ. ಚೆನ್ನಾಗಿದ್ದರೆ ನಾಲ್ಕು ಮೇಣದ ಬತ್ತಿ ಉರಿಯುತ್ತವೆ.

ಆಟದ ಒಂದು ದಿನಕ್ಕೆ ನಮ್ಮ ಸುಮಾರು 14 ನಿಮಿಷ. ಒಂದು ಋತುವಿಗೆ 28 ದಿನ, ವರ್ಷಕ್ಕೆ ನಾಲ್ಕು ಋತು. ಗಂಟೆಗೆ ನಾಲ್ಕು ದಿನದಂತೆ, ನಮ್ಮ ವೇಗದಲ್ಲಿ ತಾತ ಬರುವಷ್ಟರಲ್ಲಿ 28 ವಾರ ಬೇಕು. ಇದನ್ನು ಮೊದಲ ದಿನವೇ ಲೆಕ್ಕ ಹಾಕಿಟ್ಟೆ. ಅಭ್ಯಾಸಬಲ.

ತಕರಾರು ಶುರುವಾದದ್ದು ಎರಡನೇ ವಾರ. ಹೊಲಕ್ಕೆ ನೀರು ಹಾಕುವುದು ಮೊಮ್ಮಗಳ ಪಾಲಿನ ಕೆಲಸ. ಒಂದೊಂದು ಗಿಡಕ್ಕೂ ಕೈಯಲ್ಲಿ ನೀರಿನ ಕ್ಯಾನು ಹಿಡಿದು ಸುರಿಯಬೇಕು, ಕ್ಯಾನು ಬರಿದಾದರೆ ಕೆರೆಗೆ ಹೋಗಬೇಕು, ಅಷ್ಟರಲ್ಲಿ ಮೈಯ ಶಕ್ತಿ ಇಳಿದಿರುತ್ತದೆ. “ಟ್ರ್ಯಾಕ್ಟರ್ ಮಾಡ್ ಇದೆ ತಾತಾ, ಹಾಕಿಬಿಡೋಣ” ಎಂದಳು. ಹಾಗಾದರೆ ನನ್ನ ಮೀನಿಗೂ ಏನಾದರೂ ಇದೆಯೇ ಎಂದು ಕೇಳಿದೆ. ಮೀನು ಹಿಡಿಯುವುದು ನನ್ನ ಪಾಲು. ಗಾಳ ಹಾಕಿ ಮೀನು ಸಿಕ್ಕಿದಾಗ ಪರದೆಯ ಮೇಲೆ ಒಂದು ನಿಂತ ಪಟ್ಟಿ ಬರುತ್ತದೆ. ಗುಂಡಿ ಒತ್ತಿದರೆ ಹಸಿರು ಗೆರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಮೇಲೆ ಕೆಳಗೆ ಜಿಗಿಯುವ ಮೀನನ್ನು ಆ ಹಸಿರಿನೊಳಗೇ ಹಿಡಿದಿಡಬೇಕು. ಅದಕ್ಕೂ ಮಾಡ್ ಇದೆಯಂತೆ. “ಆದರೆ ಅದು ಚೀಟಿಂಗ್” ಎಂದಳು ಮೊಮ್ಮಗಳು. ಅವಳಿಗೆ ಮೀನು ಸಲೀಸಾಗಿ ಸಿಗುತ್ತದೆ.

ಇದನ್ನು ನಾನು ಬ್ಯಾಂಕಿನಲ್ಲೂ ಕಂಡಿದ್ದೇನೆ. ತನಗೆ ಕಷ್ಟವಾದ ಕಡೆ ಸಿಗುವ ರಿಯಾಯಿತಿ ನ್ಯಾಯ, ಇನ್ನೊಬ್ಬನಿಗೆ ಕಷ್ಟವಾದ ಕಡೆ ಸಿಗುವುದು ಮೋಸ.

ಅವಳ ಗೆಳತಿಯರಲ್ಲಿ ಈ ಬಗ್ಗೆ ಎರಡು ಪಂಗಡ. ಮಾಡ್ ಇಲ್ಲದೆ ಆಡುವುದೇ ದಡ್ಡತನ, ಮೊದಲ ದಿನವೇ ಹಾಕಬೇಕು ಎನ್ನುವವರು ಕೆಲವರು. ಮೊದಲ ಸುತ್ತು ಪೂರ್ತಿ ಇದ್ದ ಹಾಗೇ ಆಡಿ, ಎರಡನೇ ಸುತ್ತಿಗೆ ಮಾತ್ರ ಮಾಡ್ ಎನ್ನುವವರು ಇನ್ನು ಕೆಲವರು. ಎರಡನೆಯದು ಕೇಳಲು ಬಹಳ ಶಿಸ್ತಿನ ಮಾತು. ಆದರೆ ನನ್ನ 28 ವಾರದ ಲೆಕ್ಕ ನೆನಪಿದೆಯಲ್ಲ? ಎರಡನೇ ಸುತ್ತು ಎಂಬುದು ಎಂಟನೇ ತರಗತಿಯವರ ಮಾತು. ನಾನು ಈಗ ಹಸಿ ಬಾಳೆಕಾಯಿ ಕೊಳ್ಳುವಾಗಲೂ ಒಂದು ಕ್ಷಣ ಯೋಚಿಸುತ್ತೇನೆ.

ಮೊದಲ ಪಂಗಡದ ಮಾತೂ ನನಗೆ ಒಗ್ಗಲಿಲ್ಲ. ಈ ಆಟವನ್ನು ಮಾಡಿದ್ದು ದೊಡ್ಡ ಕಂಪನಿಯಲ್ಲ, ಎರಿಕ್ ಬರೋನ್ ಎಂಬ ಒಬ್ಬನೇ ಹುಡುಗ. ಕಂಪ್ಯೂಟರ್ ಪದವಿ ಮುಗಿಸಿ ಕೆಲಸ ಸಿಗದಿದ್ದಾಗ ಅಮೆರಿಕದ ಸಿಯಾಟಲ್ ಕಡೆಯ ಮನೆಯಲ್ಲಿ ಕೂತು, ನಾಲ್ಕು ವರ್ಷಕ್ಕೂ ಮೇಲೆ ಒಬ್ಬನೇ ದುಡಿದ. ಪ್ರೋಗ್ರಾಮ್, ಚಿತ್ರ, ಸಂಗೀತ, ಪಾತ್ರಗಳ ಮಾತು, ಎಲ್ಲವೂ ಅವನದೇ. ಖರ್ಚಿಗೆ ಅಲ್ಲಿನ ನಾಟಕಮಂದಿರವೊಂದರಲ್ಲಿ ಜನರನ್ನು ಸೀಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದ. 2016ರ ಫೆಬ್ರವರಿಯಲ್ಲಿ ಆಟ ಹೊರಬಂತು. 2024ರ ಕೊನೆಯ ಹೊತ್ತಿಗೆ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಅಷ್ಟು ವರ್ಷ ಒಬ್ಬನೇ ಕೂತು ಮಾಡಿದವನು ನೀರಿನ ಕ್ಯಾನನ್ನು ಭಾರವಾಗಿ ಇಟ್ಟಿದ್ದರೆ ಅದಕ್ಕೊಂದು ಕಾರಣ ಇರಬೇಕು, ಅದನ್ನಾದರೂ ನೋಡೋಣ ಎಂದೆ. ಹಾಗಂತ ಅವನು ಮಾಡ್ ಕಂಡರೆ ಮುನಿಯುವವನೂ ಅಲ್ಲ. ಜಪಾನಿನ ಹಾರ್ವೆಸ್ಟ್ ಮೂನ್ ಎಂಬ 1996ರ ಬೇಸಾಯದ ಆಟವನ್ನು ಪ್ರೀತಿಸಿ, ಅದು ಹೀಗಿದ್ದರೆ ಇನ್ನೂ ಚೆನ್ನ ಎಂದುಕೊಂಡೇ ಇವನು ತನ್ನ ಆಟಕ್ಕೆ ಕೈಹಾಕಿದ್ದು. 2024ರ ಮಾರ್ಚಿನಲ್ಲಿ ಬಿಟ್ಟ ಹೊಸ ಆವೃತ್ತಿಯಲ್ಲಿ ಮಾಡ್ ಬರೆಯುವವರಿಗೆಂದೇ ಎಷ್ಟೋ ಅನುಕೂಲ ಮಾಡಿಕೊಟ್ಟಿದ್ದಾನೆ.

ಕೊನೆಗೆ ನಾನು ಬ್ಯಾಂಕಿನ ದಾರಿ ಹಿಡಿದೆ. ಮಕ್ಕಳಿಗೆ ಗೊತ್ತಿರಲಾರದು, ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಅಂತ ಒಂದಿದೆ. ಎಲ್ಲಿಂದಲೋ ಹಣ ಬಂದಿರುತ್ತದೆ, ಯಾರ ಲೆಕ್ಕಕ್ಕೆ ಸೇರಬೇಕೋ ಸ್ಪಷ್ಟವಿರುವುದಿಲ್ಲ. ಬಿಸಾಡುವಂತಿಲ್ಲ, ತೋಚಿದವರ ಖಾತೆಗೆ ಹಾಕುವಂತೆಯೂ ಇಲ್ಲ. ಆ ಖಾತೆಯಲ್ಲಿ ಇಟ್ಟು ಕಾಯುತ್ತೇವೆ. ವಿಷಯ ತಿಳಿದಂತೆ ಒಂದೊಂದೇ ನಮೂದನ್ನು ಅದರದರ ಜಾಗಕ್ಕೆ ಕಳಿಸುತ್ತೇವೆ. ಮೊಮ್ಮಗಳ ಹಳೆಯ ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಗೆ ಗೆರೆ ಎಳೆದೆ. ಯಾವ ಮಾಡ್ ಬೇಕೆನಿಸಿದರೂ ತಾರೀಖು ಹಾಕಿ ಬರೆಯುವುದು. ವಸಂತ ಋತುವಿನ 28 ದಿನ ಮುಗಿದ ಮೇಲೆ ಕೂತು ನೋಡುವುದು.

ಮೂರೂವರೆ ವಾರದಲ್ಲಿ ಒಂಬತ್ತು ನಮೂದು ಆದವು, ಆರು ಅವಳವು, ಮೂರು ನನ್ನವು. ತಮಾಷೆ ಏನೆಂದರೆ, ಹೆಚ್ಚಿನವು ತಾವಾಗಿ ಚುಕ್ತಾ ಆದವು. ಅಕ್ಷರ ಸಣ್ಣದು ಎಂದು ಬರೆದಿದ್ದೆ. ಪರದೆಯ ಬರಹ ದೊಡ್ಡದು ಮಾಡುವ ಆಯ್ಕೆ ಆಟದ ಸೆಟ್ಟಿಂಗಿನಲ್ಲೇ ಇತ್ತು. ಚೀಲದಲ್ಲಿ ಜಾಗವಿಲ್ಲ ಎಂದು ಅವಳು ಬರೆದಿದ್ದಳು. ಊರಿನ ಅಂಗಡಿಯಲ್ಲಿ 2,000 ನಾಣ್ಯ ಕೊಟ್ಟರೆ 12 ಖಾನೆಯ ಚೀಲ 24 ಖಾನೆಯದಾಗುತ್ತದೆ. ಯಾರ ಹುಟ್ಟುಹಬ್ಬ ಯಾವಾಗ ಎಂದು ತೋರಿಸುವ ಮಾಡ್ ಬೇಕೆಂದಿದ್ದಳು. ಅದೇ ಅಂಗಡಿಯ ಹೊರಗೆ ಕ್ಯಾಲೆಂಡರ್ ತೂಗುಹಾಕಿದ್ದಾರೆ, ಅದರಲ್ಲೇ ಇದೆ. ನೀರು? ಬೇಸಾಯದಲ್ಲಿ ಎರಡನೇ ಮಟ್ಟಕ್ಕೆ ಬಂದಾಗ ಸ್ಪ್ರಿಂಕ್ಲರ್ ಮಾಡುವುದನ್ನು ಆಟವೇ ಕಲಿಸಿತು. ಸುತ್ತಲಿನ ನಾಲ್ಕು ಗಿಡಕ್ಕೆ ಅದು ತಾನೇ ನೀರುಣಿಸುತ್ತದೆ. ಮೊದಲ ಸ್ಪ್ರಿಂಕ್ಲರ್ ನೆಟ್ಟ ಮರುದಿನ ಬೆಳಗ್ಗೆ ನೆಲ ಒದ್ದೆಯಾಗಿದ್ದದ್ದನ್ನು ಕಂಡು ಅವಳು ಕುರ್ಚಿ ಬಿಟ್ಟು ಎದ್ದು ಕುಣಿದಳು. ಟ್ರ್ಯಾಕ್ಟರ್ ಮೊದಲೇ ಬಂದಿದ್ದರೆ ಆ ನಾಲ್ಕು ಗಿಡಕ್ಕೆ ಯಾರು ಕುಣಿಯುತ್ತಿದ್ದರು!

ಮೀನಿನ ನಮೂದು ಮಾತ್ರ ಹಾಗೇ ಉಳಿಯಿತು. ಅಲ್ಲೂ ಆಟದೊಳಗಿನ ಸಹಾಯ ಹುಡುಕಿದೆ. ಮೀನುಗಾರನ ಅಂಗಡಿಯಲ್ಲಿ 25 ನಾಣ್ಯಕ್ಕೆ ಕಲಿಯುವವರ ಗಾಳ ಸಿಗುತ್ತದೆ. ಹಸಿರು ಗೆರೆ ಉದ್ದವಾಗುತ್ತದೆ, ಸಾಮಾನ್ಯ ಮೀನು ಮಾತ್ರ ಬೀಳುತ್ತದೆ. ಸ್ವಲ್ಪ ವಾಸಿಯಾಯಿತು. ಹೆಚ್ಚು ಹಿಡಿದಷ್ಟೂ ಗೆರೆ ಬೆಳೆಯುತ್ತದೆ ಎಂಬುದೂ ನಿಜ, ಆದರೆ ಬೆಳೆಯಲು ಮೊದಲು ಹಿಡಿಯಬೇಕಲ್ಲ. ನನ್ನ ಬಲಗೈ ನಾಲ್ಕು ವರ್ಷದಿಂದ ನಡುಗುತ್ತದೆ. ದೊಡ್ಡ ಕಾಯಿಲೆಯೇನಲ್ಲ, ವಯಸ್ಸಿನದು ಎಂದಿದ್ದಾರೆ ಡಾಕ್ಟರು. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತೇನೆ, ಅಷ್ಟೇ. ಮೊಮ್ಮಗಳಿಗೆ ಅದು ಗೊತ್ತಿತ್ತು. ತಾತನ ಕೈ ಹುಟ್ಟಿದಾಗಿನಿಂದ ಹೀಗೇ ಎಂಬಂತೆ ಗೊತ್ತಿತ್ತು.

ಋತು ಮುಗಿಯುವ ಹಿಂದಿನ ದಿನ, ನವೆಂಬರಿನ ಒಂದು ಶನಿವಾರ, ಪಿಂಚಣಿಯ ಜೀವನ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗುವುದಿತ್ತು. ಮೊಮ್ಮಗಳು ಜೊತೆಗೆ ಬಂದಳು. ಸಹಿ ಮಾಡಿದೆ. ಕೌಂಟರಿನ ಹುಡುಗಿ ಪರದೆಯಲ್ಲಿದ್ದ ನನ್ನ ಹಳೆಯ ಸಹಿ ನೋಡಿ, ಕಾಗದ ನೋಡಿ, ವಿನಯವಾಗಿ, “ಇನ್ನೊಂದ್ಸಲ ಮಾಡ್ತೀರಾ ಸರ್?” ಎಂದಳು. ಮಾಡಿದೆ. ಮೂರನೆಯ ಸಲವೂ ಮಾಡಿದೆ. ಹೊಂದಲಿಲ್ಲ. ಕೊನೆಗೆ ಬೆರಳಿನ ಗುರುತು ತೆಗೆದುಕೊಂಡರು. ಅವಳು ಮಾಡಿದ್ದು ಸರಿ. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಬಹುಕಾಲ ಜನರ ಸಹಿ ತಾಳೆ ನೋಡಿದವನು ನಾನು. ‘ಸಹಿ ವ್ಯತ್ಯಾಸ’ ಎಂದು ಬರೆದು ಚೆಕ್ ಹಿಂದಿರುಗಿಸಿದ್ದಕ್ಕೆ ಲೆಕ್ಕವಿಲ್ಲ. ಆ ಕುರ್ಚಿಯಲ್ಲಿದ್ದರೆ ನಾನೂ ಮೂರು ಸಲ ಮಾಡಿಸುತ್ತಿದ್ದೆ. ಆದರೂ ಹೊರಗೆ ಬಂದಾಗ ಮಾತು ಬರಲಿಲ್ಲ. ಮೊಮ್ಮಗಳು ದಾರಿಯುದ್ದಕ್ಕೂ ನನ್ನ ಬಲಗೈ ಹಿಡಿದುಕೊಂಡೇ ಬಂದಳು, ಸಾಮಾನ್ಯವಾಗಿ ಅವಳು ಮುಂದೆ ಓಡುವವಳು.

ಮರುದಿನ ನೋಟ್‌ಬುಕ್ ತೆರೆದಾಗ ಮೀನಿನ ಸಾಲಿನ ಮುಂದೆ ಅವಳ ಅಕ್ಷರದಲ್ಲಿ ‘ಪಾಸ್ಡ್’ ಎಂದಿತ್ತು. ಬ್ಯಾಂಕಿನವರು ವೋಚರ್ ಮೇಲೆ ಹಾಗೆ ಬರೆಯುತ್ತಾರೆಂದು ಯಾವಾಗಲೋ ನಾನೇ ಹೇಳಿದ್ದೆ. ಚೀಟಿಂಗ್ ಎಂಬ ಮಾತನ್ನು ಆಮೇಲೆ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಯಾವ ಮಾಡ್ ಎಂಬ ಪ್ರಶ್ನೆ ಇತ್ತು. ಮೀನು ತಾನಾಗಿ ಬುಟ್ಟಿಗೆ ಬೀಳುವಂಥದ್ದೂ ಇದೆ. ಅದು ನನಗೆ ಬೇಡವಾಗಿತ್ತು. ನನಗೆ ಬೇಕಾದದ್ದು ಮೀನಲ್ಲ, ಮೀನು ಹಿಡಿಯುವುದು. ಮೀನಿನ ಜಿಗಿತವನ್ನು ನಿಧಾನ ಮಾಡುವುದನ್ನು ಹಾಕಿಕೊಂಡೆವು. ಈಗಲೂ ಹತ್ತರಲ್ಲಿ ನಾಲ್ಕು ತಪ್ಪಿಸಿಕೊಂಡು ಹೋಗುತ್ತವೆ. ಆ ನಾಲ್ಕರ ಮೇಲೆ ನನಗೆ ಗೌರವವಿದೆ.

ಹಾಕುವ ಕ್ರಮದ ಬಗ್ಗೆ ಎರಡು ಮಾತು, ಮಕ್ಕಳೇ, ನಿಮಗೆ ಉಪಯೋಗವಾದೀತು. ಇದು ಕಂಪ್ಯೂಟರಿನಲ್ಲಿ ಸುಲಭ, ಫೋನಿನಲ್ಲಿ ಅಲ್ಲ. ಸ್ಮಾಪಿ ಎಂಬ ಒಂದು ತಂತ್ರಾಂಶವನ್ನು ಮೊದಲು ಹಾಕಬೇಕು, ಮಾಡ್‌ಗಳನ್ನು ಆಟಕ್ಕೆ ಜೋಡಿಸುವುದು ಅದು. ಅದಕ್ಕೂ ಮುಂಚೆ ನಿಮ್ಮ ಆಟ ಉಳಿಸಿಟ್ಟ ಕಡತವನ್ನು ಬೇರೆಡೆ ನಕಲು ಮಾಡಿಡಿ. ಬ್ಯಾಂಕಿಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ದಿನದ ಕೊನೆಗೆ ಟೇಪಿನಲ್ಲಿ ಬ್ಯಾಕಪ್ ತೆಗೆಯದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಮಾಡ್ ಹಾಕಿ, ನಾಲ್ಕು ದಿನ ಆಡಿ ನೋಡಿ. ಹತ್ತು ಒಟ್ಟಿಗೆ ಸುರಿದರೆ ಕೆಟ್ಟದ್ದು ಯಾವುದರಿಂದ ಎಂದು ಪತ್ತೆಯಾಗುವುದಿಲ್ಲ. ಆಟದ ಹೊಸ ಆವೃತ್ತಿ ಬಂದಾಗ ಹಳೆಯ ಮಾಡ್ ಕೆಲಸ ನಿಲ್ಲಿಸಬಹುದು, ಗಾಬರಿಯಾಗಬೇಡಿ. ಮತ್ತೆ, ಇಂಟರ್ನೆಟ್ಟಿನಿಂದ ಏನನ್ನು ಇಳಿಸುವಾಗಲೂ ಮನೆಯಲ್ಲಿ ಒಬ್ಬ ದೊಡ್ಡವರು ಪಕ್ಕದಲ್ಲಿರಲಿ.

ಅವಳ ದೊಡ್ಡ ಆಸೆಯೊಂದು ಪಟ್ಟಿಯಲ್ಲಿ ಇನ್ನೂ ಇದೆ. ಸ್ಟಾರ್‌ಡ್ಯೂ ವ್ಯಾಲಿ ಎಕ್ಸ್‌ಪ್ಯಾಂಡೆಡ್ ಎಂಬ ಬೃಹತ್ ಮಾಡ್. ಊರಿಗೆ ಇಪ್ಪತ್ತಕ್ಕೂ ಹೆಚ್ಚು ಹೊಸ ಜನ, ಹೊಸ ಜಾಗಗಳು, ಹೊಸ ಕಥೆಗಳು. ಅಭಿಮಾನಿಗಳೇ ಮಾಡಿದ್ದು, ಬಹಳ ಚೆನ್ನಾಗಿದೆಯಂತೆ. ಇದು ಕಷ್ಟ ಕಳೆಯುವ ಮಾಡ್ ಅಲ್ಲ, ಆದ್ದರಿಂದ ಇದರ ತೀರ್ಮಾನವೂ ಬೇರೆ. ಒಮ್ಮೆ ಹಾಕಿ ಆಡಿದ ಮೇಲೆ ನಡುವೆ ಕಿತ್ತರೆ ಉಳಿಸಿಟ್ಟ ಆಟಕ್ಕೆ ತೊಂದರೆಯಾಗಬಹುದು. ಅಲ್ಲದೆ ಹೊಸಬರೂ ಹಳಬರೂ ಒಟ್ಟಿಗೆ ಬಂದರೆ ಯಾರನ್ನು ಬರೋನ್ ಬರೆದ, ಯಾರು ಆಮೇಲೆ ಸೇರಿದರು ಎಂದು ನಮಗೆ ತಿಳಿಯುವುದಿಲ್ಲ. ಮೊದಲ ಚಳಿಗಾಲದಲ್ಲಿ ನಾನೇ, ಬೇಕಾದರೆ ಹಾಕೋಣ ಎಂದೆ. ಅವಳೇ ತಡೆದಳು. ಕಾರಣ ಜಾರ್ಜ್. ಗಾಲಿಕುರ್ಚಿಯಲ್ಲಿ ಟಿವಿ ಮುಂದೆ ಕೂರುವ ಸಿಡುಕು ಮುದುಕ ಅವನು. ಈರುಳ್ಳಿ ಜಾತಿಯ ಲೀಕ್ ಎಂಬ ಗಿಡ ಕಂಡರೆ ಅವನಿಗೆ ಪ್ರಾಣ. ವಸಂತದಲ್ಲಿ ಆರಿಸಿ ಕೂಡಿಟ್ಟದ್ದನ್ನು ಇವಳು ವಾರಕ್ಕೆರಡು ಅವನಿಗೆ ಕೊಟ್ಟು ಬರುತ್ತಿದ್ದಳು. ಸಾಮಾನ್ಯವಾಗಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಉಡುಗೊರೆ ಯಾರೂ ತೆಗೆದುಕೊಳ್ಳುವುದಿಲ್ಲ. “ಅವನು ಇನ್ನೂ ಪೂರ್ತಿ ಫ್ರೆಂಡ್ ಆಗಿಲ್ಲ ತಾತಾ. ಹೊಸಬರು ಬಂದ್ರೆ ನಾನು ಅವನ ಮನೆಗೆ ಹೋಗೋದೇ ಬಿಟ್ಟುಬಿಡ್ತೀನಿ.” ತನ್ನನ್ನು ತಾನು ಇಷ್ಟು ಚೆನ್ನಾಗಿ ಬಲ್ಲವರು ನಮ್ಮ ಶಾಖೆಯಲ್ಲೂ ಕಡಿಮೆ ಇದ್ದರು. ತಾತ ಬಂದು ಮೇಣದ ಬತ್ತಿ ಹಚ್ಚಿ ಹೋದ ಮೇಲೆ, ಅದೇ ಹೊಲದಲ್ಲೇ ಹಾಕುವುದು ಎಂದು ಗೊತ್ತು ಮಾಡಿದ್ದಾಳೆ. ಹೊಸ ಸುತ್ತು ಬೇಡವಂತೆ.

ಈಗ ಯುಗಾದಿ ಕಳೆದಿದೆ, ಅವಳ ಪರೀಕ್ಷೆಯೂ ಮುಗಿದಿದೆ. ಆಟದಲ್ಲಿ ಎರಡನೇ ವರ್ಷದ ಶರತ್ಕಾಲ. ಬೇಸಾಯ ಆರನೇ ಮಟ್ಟ ದಾಟಿ, ಎಂಟು ಗಿಡಕ್ಕೆ ನೀರುಣಿಸುವ ಸ್ಪ್ರಿಂಕ್ಲರ್ ಬಂದಿವೆ. ಟ್ರ್ಯಾಕ್ಟರಿನ ಸಾಲಿನ ಮುಂದೆ ಮಾತ್ರ ಇನ್ನೂ ಯಾರೂ ಏನೂ ಬರೆದಿಲ್ಲ. ಕುಂಬಳ ಬಿತ್ತಿ ಒಂಬತ್ತು ದಿನವಾಗಿದೆ, ಕೊಯ್ಲಿಗೆ ಹದಿಮೂರು ದಿನ ಬೇಕು. ಉಳಿದದ್ದು ನಾಲ್ಕು, ಅಂದರೆ ಈ ಶನಿವಾರದ ಒಂದು ಗಂಟೆ.