ಡೊಂಕು ನೆಲದ್ದೋ, ಡ್ರೈವರಿನದ್ದೋ?

ಅಮೆರಿಕದ ಸ್ಯಾನ್ ಡಿಯಾಗೋ ನಗರದಿಂದ ಉತ್ತರಕ್ಕೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಶಾಂತಸಾಗರದ ದಂಡೆ ಹಿಡಿಯುತ್ತದೆ. ಎಡಕ್ಕೆ ನೊರೆ ಕಾರುವ ಅಲೆಗಳು, ಬಲಕ್ಕೆ ಕುರುಚಲು ಗಿಡಗಳ ದಿಬ್ಬಗಳು. ಸುಮಾರು ಐವತ್ತೈದು ಕಿಲೋಮೀಟರ್ ಕಳೆದರೆ ಕಾರ್ಲ್ಸ್‌ಬ್ಯಾಡ್ ಎಂಬ ಊರು. ನೋಡಿದರೆ ಕ್ಯಾಲಿಫೋರ್ನಿಯಾ ಕರಾವಳಿಯ ಇನ್ನೊಂದು ಅಚ್ಚುಕಟ್ಟಾದ ಪಟ್ಟಣ, ಅಷ್ಟೆ. ಆದರೆ ಗಾಲ್ಫ್ ಹುಚ್ಚು ಹತ್ತಿದವರಿಗೆ ಈ ಹೆಸರು ಕೇಳಿದರೆ ಕಿವಿ ನೆಟ್ಟಗಾಗುತ್ತದೆ.

ಊರಿಗೆ ಹೆಸರು ಬಂದ ಕತೆಯೇ ಸೊಗಸಾಗಿದೆ. 1880ರ ದಶಕದಲ್ಲಿ ಜಾನ್ ಫ್ರೇಜಿಯರ್ ಎಂಬ ಮಾಜಿ ನಾವಿಕ ಇಲ್ಲಿ ಬಾವಿ ತೋಡಿಸಿದ. ಬಾವಿಯಲ್ಲಿ ಖನಿಜಯುಕ್ತ ನೀರು ಉಕ್ಕಿತು. ರೈಲು ನಿಂತಾಗಲೆಲ್ಲ ಆತ ಪ್ರಯಾಣಿಕರಿಗೆ ಆ ನೀರು ಕುಡಿಸುತ್ತಿದ್ದ. ಬೊಹೀಮಿಯಾದ ಕಾರ್ಲ್ಸ್‌ಬಾದ್ ಪಟ್ಟಣದ ಪ್ರಖ್ಯಾತ ಚಿಲುಮೆಗಳ ನೀರನ್ನೇ ಇದು ಹೋಲುತ್ತದೆಂದು ಗೊತ್ತಾಗಿ, ಊರಿಗೆ ಅದೇ ಹೆಸರು ನಿಂತಿತು. ಮೈಯ ಕಾಯಿಲೆಗೆ ಮದ್ದು ಹುಡುಕಿಕೊಂಡು ಅಂದು ಜನ ಬಂದರು. ಇಂದೂ ಮದ್ದು ಹುಡುಕಿಕೊಂಡೇ ಬರುತ್ತಾರೆ. ಆದರೆ ಕಾಯಿಲೆ ಬೇರೆ. ಹೊಡೆದ ಚೆಂಡು ನೇರ ಹೋಗದೆ ಬಲಕ್ಕೆ ಬಾಗಿ ಪೊದೆ ಸೇರುವ 'ಸ್ಲೈಸ್' ಎಂಬ ಕಾಯಿಲೆ.

ಮಾರ್ಚ್‌ನಿಂದ ಮೇ ಮೊದಲ ಭಾಗದವರೆಗೆ ಬಂದವರು ಮೊದಲು ನೋಡುವುದು ಹೂವಿನ ಹೊಲ. ಸುಮಾರು ಐವತ್ತು ಎಕರೆ ಇಳಿಜಾರಿನಲ್ಲಿ ರನನ್‌ಕ್ಯುಲಸ್ ಹೂಗಳು ಕೆಂಪು, ಹಳದಿ, ಬಿಳಿ, ಕಿತ್ತಳೆ ಪಟ್ಟೆಗಳಾಗಿ ಕಡಲಿನತ್ತ ಇಳಿಯುತ್ತವೆ. ಅಲ್ಲಿಂದ ವಿಮಾನ ನಿಲ್ದಾಣದ ದಾರಿ ಹಿಡಿದು ದಿಬ್ಬ ಹತ್ತಿದರೆ ಮಾತ್ರ ದೃಶ್ಯ ಬದಲಾಗುತ್ತದೆ. ತಗ್ಗು ಛಾವಣಿಯ ಕಟ್ಟಡಗಳು, ಹುಲ್ಲುಹಾಸು, ಗಾಜಿನ ಬಾಗಿಲು. ಹೊರಗಿನ ಫಲಕಗಳನ್ನು ಓದಿದರೆ ಗಾಲ್ಫ್ ಅಂಗಡಿಯ ಕಪಾಟು ನೋಡಿದಂತಾಗುತ್ತದೆ: ಕ್ಯಾಲವೇ, ಟೇಲರ್‌ಮೇಡ್. ಟೈಟ್‌ಲಿಸ್ಟ್ ಕಂಪನಿಯ ದಾಂಡು ವಿನ್ಯಾಸಕರೂ ಇದೇ ಊರಿನವರು. ದಾಂಡಿನ ತಲೆಗಳ ಎರಕ ಬಹುಪಾಲು ಏಷ್ಯಾದ ಕುಲುಮೆಗಳಲ್ಲಿ ನಡೆಯುತ್ತದೆ. ಅದರ ಹಿಂದಿನ ಲೆಕ್ಕಾಚಾರ ಮಾತ್ರ ಇಲ್ಲಿಯದು.

ಡ್ರೈವರ್ ಎಂದರೆ ಬಸ್ಸಿನ ಚಾಲಕನಲ್ಲ. ಗಾಲ್ಫ್ ಚೀಲದ ಹದಿನಾಲ್ಕು ದಾಂಡುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು, ಮೊದಲ ಹೊಡೆತಕ್ಕೆ ಹೊರಬರುವುದು, ಆಟಗಾರನ ಮಾನ ಕಾಯುವುದು ಅಥವಾ ಕಳೆಯುವುದು. ಹಿಂದೆ ಇದರ ತಲೆಯನ್ನು ಪರ್ಸಿಮನ್ ಮರದಲ್ಲಿ ಕೆತ್ತುತ್ತಿದ್ದರು. ಅದು ನಮ್ಮ ಬೀಡಿ ಎಲೆಯ ಮರದ ದಾಯಾದಿ. ಕಬ್ಬಿಣದಂಥ ಗಟ್ಟಿ ಮರ. 1979ರಲ್ಲಿ ಗ್ಯಾರಿ ಆಡಮ್ಸ್ ಮನೆಯ ಮೇಲೆ 24,000 ಡಾಲರ್ ಸಾಲ ಎತ್ತಿ ಟೇಲರ್‌ಮೇಡ್ ಕಂಪನಿ ಆರಂಭಿಸಿ, ಟೊಳ್ಳು ಉಕ್ಕಿನ ತಲೆಯ ದಾಂಡು ಮಾರತೊಡಗಿದರು. ಹಳಬರು ನಕ್ಕರು. ಮರದ ತಲೆಗೆ ತಾಗಿದ ಚೆಂಡಿನ ಮೃದು ಸದ್ದಿಗೆ ಒಗ್ಗಿದ ಕಿವಿಗೆ ಇದು ತಗಡಿನ ಡಬ್ಬ ಬಡಿದಂತೆ ಕೇಳಿತು. ಜವಳಿ ಉದ್ಯಮ, ದ್ರಾಕ್ಷಾರಸದ ತೋಟ ಎರಡನ್ನೂ ಬಿಟ್ಟು ಬಂದಿದ್ದ ಈಲಿ ಕ್ಯಾಲವೇ 1991ರಲ್ಲಿ ಇನ್ನೂ ದೊಡ್ಡ ತಲೆಯ ದಾಂಡನ್ನು ತಂದು, ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರನ್ನೇ ಇಟ್ಟರು: 'ಬಿಗ್ ಬರ್ತಾ'. 1995ರಲ್ಲಿ ಅದರ ಟೈಟಾನಿಯಂ ತಂಗಿ ಬಂದಳು. ಆ ಹೊತ್ತಿಗೆ ನಗು ನಿಂತಿತ್ತು. ಮರ ಕೆತ್ತುವ ಕುಶಲಿಗಳ ಉಳಿಗಳೂ ಮೂಲೆ ಸೇರುತ್ತಿದ್ದವು.

ತಲೆ ಬೆಳೆಯುತ್ತಲೇ ಹೋದಾಗ ನಿಯಮ ಮಾಡುವವರು ಅಡ್ಡ ಬಂದರು. 460 ಘನ ಸೆಂಟಿಮೀಟರಿಗಿಂತ ದೊಡ್ಡ ತಲೆ ಕೂಡದು, ಮುಖದ ಪುಟಿತಕ್ಕೂ ಮಿತಿ ಎಂದರು. ಗಾತ್ರವನ್ನು ಇನ್ನು ಹಿಗ್ಗಿಸುವಂತಿಲ್ಲ. ಹಾಗಾದರೆ ಪ್ರತಿವರ್ಷ ಹೊಸದೆಂದು ಏನನ್ನು ಮಾರುವುದು? ಉತ್ತರ ಸಿಕ್ಕಿದ್ದು ಒಂದು ಪುಟ್ಟ ತಿರುಪಿನಲ್ಲಿ.

2004ರಲ್ಲಿ ಟೇಲರ್‌ಮೇಡ್ ತಲೆಯೊಳಗಿನ ತೂಕದ ಬಿಲ್ಲೆಗಳನ್ನು ಜಾಗ ಬದಲಾಯಿಸಬಹುದಾದ ಡ್ರೈವರ್ ತಂದಿತು. 2008ರಿಂದ ನಿಯಮ ಇನ್ನಷ್ಟು ಸಡಿಲವಾಯಿತು. 2009ರ ಹೊತ್ತಿಗೆ ಕೋಲು ತಲೆಗೆ ಸೇರುವ ಜಾಗದಲ್ಲೇ ತಿರುಗಿಸಬಲ್ಲ ತೋಳು ಬಂತು. ತಿರುಪು ಸಡಿಲಿಸಿ, ತಲೆಯನ್ನು ಕಳಚಿ, ತೋಳನ್ನು ಒಂದೆರಡು ಗುರುತಿನಷ್ಟು ತಿರುಗಿಸಿ ಮತ್ತೆ ಕೂರಿಸಿದರೆ ಕೋಲಿನ ಓರೆ ಬದಲಾಗುತ್ತದೆ. ಮುಖದ ಇಳಿಜಾರು ಒಂದೋ ಎರಡೋ ಡಿಗ್ರಿ ಏರುತ್ತದೆ ಅಥವಾ ಇಳಿಯುತ್ತದೆ. ಇಳಿಜಾರು ಏರಿಸಿದರೆ ಮುಖ ತುಸು ಒಳಕ್ಕೆ ಮುಚ್ಚಿಕೊಳ್ಳುತ್ತದೆ. ಚೆಂಡು ಎತ್ತರಕ್ಕೆ ಹೋಗುತ್ತದೆ, ಬಲಕ್ಕೆ ಬಾಗುವುದು ಕಡಿಮೆಯಾಗುತ್ತದೆ. ಸಾಕಷ್ಟು ಬಿಗಿಯಾದಾಗ ಕೀಲಿ 'ಕಟ್' ಎಂದು ಸದ್ದು ಮಾಡುತ್ತದೆ. ಕೆಲಸ ಒಂದು ನಿಮಿಷದ್ದು.

ಇದನ್ನು ಕಂಡ ಗಾಲ್ಫ್ ಲೋಕ ಒಡೆದ ಮನೆಯಾಯಿತು. ಒಂದು ಗುಂಪಿಗೆ ಇದು ವರ. ಫಿಲ್ ಮಿಕಲ್‌ಸನ್ 2006ರ ಮಾಸ್ಟರ್ಸ್ ಪಂದ್ಯಾವಳಿ ಗೆದ್ದಾಗ ಚೀಲದಲ್ಲಿ ಎರಡು ಡ್ರೈವರ್ ಇದ್ದವು. ಒಂದು ಚೆಂಡನ್ನು ಎಡಕ್ಕೆ ಬಾಗಿಸಲು, ಇನ್ನೊಂದು ಬಲಕ್ಕೆ. ಈಗ ಒಂದೇ ದಾಂಡು ಎರಡೂ ಆಗಬಲ್ಲದಲ್ಲ ಎಂದು ಅವರ ಸಂತೋಷ. ಆದರೆ ಅದಕ್ಕೂ ನಿಯಮದ ಕಡಿವಾಣವಿದೆ. ಸುತ್ತು ಶುರುವಾದ ಮೇಲೆ ತಿರುಪು ಮುಟ್ಟುವಂತಿಲ್ಲ. ಬೆಳಿಗ್ಗೆ ಕಟ್ಟಿಕೊಂಡ ಬುತ್ತಿಯನ್ನೇ ಸಂಜೆಯವರೆಗೆ ಉಣ್ಣಬೇಕು.

ಇನ್ನೊಂದು ಗುಂಪು ಮೂಗು ಮುರಿಯಿತು. ತಪ್ಪಿದ ಹೊಡೆತ ಆಟಗಾರನಿಗೆ ಪಾಠ. ಪಾಠವನ್ನೇ ತಿರುಪಿನಿಂದ ಅಳಿಸಿದರೆ ಕಲಿಯುವುದೇನು ಎಂಬುದು ಅವರ ಪ್ರಶ್ನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವನ್ನೇ ನೆಟ್ಟಗೆ ಮಾಡಿಕೊಡುತ್ತೇವೆ, ಆರುನೂರು ಡಾಲರ್ ಕೊಡಿ ಎನ್ನುತ್ತಾರಲ್ಲ! ಮೂರನೆಯ ಗುಂಪು ಎಲ್ಲಕ್ಕಿಂತ ದೊಡ್ಡದು. ಅವರು ದಾಂಡು ಕೊಂಡರು, ಎರಡು ವಾರ ಉತ್ಸಾಹದಿಂದ ತಿರುಗಿಸಿದರು. ಸೋಮವಾರ ಸ್ಲೈಸ್ ಆಯಿತೆಂದು ಎಡಕ್ಕೆ, ಬುಧವಾರ ಅತಿಯಾಯಿತೆಂದು ಬಲಕ್ಕೆ. ಕೊನೆಗೆ ಎಲ್ಲಿಂದ ಹೊರಟೆವೆಂಬುದೇ ಮರೆತು, ಕೀಲಿಯನ್ನು ಚೀಲದ ತಳಕ್ಕೆ ಹಾಕಿ ಸುಮ್ಮನಾದರು.

ಕಾರ್ಲ್ಸ್‌ಬ್ಯಾಡಿನ ಪರೀಕ್ಷಾ ಮೈದಾನಗಳಲ್ಲಿ ಈ ಜಗಳಕ್ಕೆ ಲೆಕ್ಕದ ಉತ್ತರವಿದೆ. ಮುಂಚೆಯೇ ಸಮಯ ಗೊತ್ತುಮಾಡಿಕೊಂಡು ಬಂದ ಆಟಗಾರ ಹೊಡೆಯುತ್ತಾನೆ. ರೇಡಾರ್ ಪೆಟ್ಟಿಗೆ ಚೆಂಡಿನ ವೇಗ, ಏರಿದ ಕೋನ, ಸುತ್ತಿದ ಸುತ್ತುಗಳನ್ನು ಎಣಿಸಿ ಪರದೆಯ ಮೇಲೆ ಬರೆಯುತ್ತದೆ. ದಾಂಡಿನ ಮುಖಕ್ಕೂ ಚೆಂಡಿಗೂ ಸಂಬಂಧ ಸುಮಾರು ಅರ್ಧ ಮಿಲಿಸೆಕೆಂಡಿನದು. ಕಣ್ಣು ರೆಪ್ಪೆ ಬಡಿಯುವುದರ ನೂರರಲ್ಲೊಂದು ಪಾಲೂ ಅಲ್ಲ. ಆ ಕ್ಷಣದಲ್ಲಿ ಮುಖ ಎರಡು ಡಿಗ್ರಿ ತೆರೆದಿದ್ದರೂ ಇನ್ನೂರೈವತ್ತು ಗಜದಾಚೆ ಚೆಂಡು ಹುಲ್ಲು ಬಿಟ್ಟು ಮರದ ಬುಡ ಸೇರಿರುತ್ತದೆ. ಯಂತ್ರದ ತೋಳಿಗೆ ದಾಂಡು ಕಟ್ಟಿ ಹೊಡೆಸಿದರೆ ತಿರುಪಿನ ಪ್ರತಿ ಗುರುತಿಗೂ ಫಲಿತಾಂಶ ಕರಾರುವಾಕ್ಕಾಗಿ ಬದಲಾಗುತ್ತದೆ. ತೊಂದರೆ ಇರುವುದು ಮನುಷ್ಯನಲ್ಲಿ. ಅವನು ಒಂದೇ ಹೊಡೆತವನ್ನು ಎರಡು ಸಲ ಹೊಡೆಯಲಾರ. ಹಾಗಾಗಿ ತಿರುಪು ಸರಿಪಡಿಸುವುದು ಅವನ ಸರಾಸರಿಯನ್ನು, ಇಂದಿನ ಹೊಡೆತವನ್ನಲ್ಲ.

ನಮ್ಮವರಿಗೂ ಈ ಚರ್ಚೆ ದೂರದ್ದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ ಶುರುವಾದದ್ದೇ 1876ರಲ್ಲಿ, ಕಾರ್ಲ್ಸ್‌ಬ್ಯಾಡಿಗೆ ಹೆಸರು ಬರುವುದಕ್ಕೂ ಮುಂಚೆ. ಅದೇ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದನ್ನು ಇಲ್ಲಿಯ ದಾಂಡು ತಯಾರಕರೂ ಗಮನಿಸಬೇಕು. ಡ್ರೈವರ್ ಹೊಡೆತದ ದೂರದಲ್ಲಿ ಅವರು ಪದಕ ಗೆದ್ದವರಿಗಿಂತ ಬಹಳ ಹಿಂದಿದ್ದರು. ಆದರೂ ಕುಳಿಯ ಬಳಿಯ ಸೂಕ್ಷ್ಮ ಹೊಡೆತಗಳ ಬಲದಿಂದ ನಾಲ್ಕು ದಿನವೂ ಮುಂಚೂಣಿಯಲ್ಲಿ ನಿಂತರು. ಕಂಚು ಒಂದೇ ಹೊಡೆತದಲ್ಲಿ ತಪ್ಪಿತು. ತಿರುಪು ಎಲ್ಲವನ್ನೂ ಮಾಡಲಾರದು ಎನ್ನುವವರಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಹಾಗೆಂದು ಸ್ವಲ್ಪ ದೂರ ಹೆಚ್ಚು ಸಿಕ್ಕಿದ್ದರೆ ಎಂಬ ಯೋಚನೆಯೂ ಬಿಡುವುದಿಲ್ಲ.

ತಿರುಪಿನ ನಿಜವಾದ ಉಪಕಾರ ಪ್ರಾಯಶಃ ಬೇರೆ ಕಡೆ ಇದೆ. ಅರವತ್ತು ದಾಟಿದವನ ಭುಜ ಮೊದಲಿನಂತೆ ತಿರುಗದು. ಬೀಸು ನಿಧಾನವಾದಂತೆ ಚೆಂಡು ಬೇಗ ನೆಲಕ್ಕೆ ಬೀಳುತ್ತದೆ. ಅಂಥವನಿಗೆ ಹೆಚ್ಚು ಇಳಿಜಾರಿನ ಮುಖ ಬೇಕು. ಹಿಂದೆಯಾದರೆ ಹೊಸ ದಾಂಡು ಕೊಳ್ಳಬೇಕಿತ್ತು, ಇಲ್ಲವೇ ಆಟ ಬಿಡಬೇಕಿತ್ತು. ಈಗ ವಯಸ್ಸಿಗೆ ತಕ್ಕಂತೆ ಕನ್ನಡಕದ ನಂಬರು ಬದಲಾಯಿಸಿದ ಹಾಗೆ ಅದೇ ದಾಂಡನ್ನು ಒಂದು ಗುರುತು ತಿರುಗಿಸಿದರೆ ಇನ್ನಷ್ಟು ವರ್ಷ ಗೆಳೆಯರೊಂದಿಗೆ ಹದಿನೆಂಟು ಕುಳಿ ನಡೆಯಬಹುದು. ದಾಂಡು ಮನುಷ್ಯನ ಜೊತೆ ಮುದಿಯಾಗುವುದನ್ನು ಕಲಿತಿದೆ. ಜಾಹೀರಾತುಗಳು ಈ ಮಾತು ಹೇಳುವುದಿಲ್ಲ. ಅವುಗಳಿಗೆ ದೂರವೊಂದೇ ಗೊತ್ತು.

ಕಾರ್ಲ್ಸ್‌ಬ್ಯಾಡಿಗೆ ಹೋಗುವವರು ಏಪ್ರಿಲ್ ಆರಿಸಿಕೊಳ್ಳುವುದು ಒಳ್ಳೆಯದು. ಹೂವಿನ ಹೊಲ ತುಂಬಿರುತ್ತದೆ, ಕಡಲಗಾಳಿ ಹಿತವಾಗಿರುತ್ತದೆ. ಮಕ್ಕಳಿದ್ದರೆ 1999ರಲ್ಲಿ ತೆರೆದ ಲೆಗೋಲ್ಯಾಂಡ್ ಇದೆ. ಪುಟ್ಟ ತುಂಡುಗಳನ್ನು ಕಳಚಿ ಮತ್ತೆ ಜೋಡಿಸುವ ಆಟ ಅಲ್ಲಿಯೂ ನಡೆಯುತ್ತದೆ. ಹಿಂತಿರುಗುವಾಗ ಚೀಲದಲ್ಲಿ ಹೊಸ ಡ್ರೈವರ್ ಇರಲಿ, ಇಲ್ಲದಿರಲಿ, ಕೀಲಿಯನ್ನು ಕಳೆದುಕೊಳ್ಳಬೇಡಿ ಎಂಬುದು ಅಲ್ಲಿಯವರ ಸಲಹೆ. ತೀರಾ ಹೆಚ್ಚು ಬಳಸಬೇಡಿ ಎಂಬುದೂ ಅದರಲ್ಲೇ ಸೇರಿದೆ.