ಮೊಮ್ಮಗಳ ವ್ಯಾಸಂಗ

ಕಳೆದ ಮಾಘ ಮಾಸದಲ್ಲಿ ನಮ್ಮ ಸೀಮೆಯ ಒಂದು ಉಪನಯನದ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಪಕ್ಕದ ಎಲೆಯ ಹಿರಿಯರೊಬ್ಬರು, "ನಿಮ್ಮ ಅಣ್ಣನ ಮೊಮ್ಮಗಳು ಬೆಂಗಳೂರಿನಲ್ಲಿ ಓದುತ್ತಿರುವಳಂತೆ, ಏನನ್ನು ಓದುತ್ತಿರುವಳು?" ಎಂದು ಕೇಳಿದರು. ಪ್ರಶ್ನೆ ಸುಲಭವಾದುದೇ. ವೈದ್ಯವೆಂದೋ ಯಂತ್ರಶಾಸ್ತ್ರವೆಂದೋ ಒಂದು ಮಾತು ಹೇಳಿ ಸಾರಿಗೆ ಕೈಯೊಡ್ಡಬಹುದಾಗಿತ್ತು. ನಾನಾದರೋ "ಸುಸ್ಥಿರತೆ ಮತ್ತು ನಾಯಕತ್ವ" ಎಂದೆನು. ಅವರು "ಅಂದರೆ?" ಎಂದರು. "ಪರಿಸರ, ಅರ್ಥಶಾಸ್ತ್ರ, ಕಾನೂನು, ಸಮಾಜಶಾಸ್ತ್ರ, ಇವೆಲ್ಲ ಕೂಡಿದ ಪದವಿ" ಎಂದೆನು. ಅವರು ಸ್ವಲ್ಪ ಹೊತ್ತು ಅನ್ನವನ್ನು ಕಲಸುತ್ತಿದ್ದು, "ಹಾಗಾದರೆ ಕೆಲಸ ಯಾವುದರಲ್ಲಿ?" ಎಂದರು. ಅಷ್ಟರಲ್ಲಿ ಪಾಯಸ ಬಂದಿತು, ನಾನು ಬದುಕಿದೆನು.

ಆದರೆ ಆ ಪ್ರಶ್ನೆ ನನ್ನೊಡನೆಯೇ ಮನೆಗೆ ಬಂದಿತು. ಮೂರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಮ್ಮ ಜಗಲಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವನು ನಾನೇ. ನಮ್ಮದು ಶಿರಸಿಯ ಕಡೆಯ ಒಂದು ಅಡಕೆ ತೋಟದ ಮನೆ. ಅಣ್ಣನವರು ತೋಟವನ್ನು ನೋಡಿಕೊಂಡರು. ನಾನು ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಸ್ವಲ್ಪ ತರ್ಕ ಇವುಗಳನ್ನು ಓದಿಕೊಂಡು ಪ್ರೌಢಶಾಲೆಯೊಂದರಲ್ಲಿ ೩೪ ವರ್ಷ ಸಂಸ್ಕೃತವನ್ನು ಕಲಿಸಿದೆನು. ಅಣ್ಣನವರು ಈಗ ಇಲ್ಲ. ಹುಡುಗಿಯ ಶುಲ್ಕಕ್ಕಾಗಿ ಅವಳ ತಂದೆ ಬ್ಯಾಂಕಿನಲ್ಲಿ ಸಾಲ ಮಾಡಬೇಕಾಗಿ ಬಂದಾಗ ಹಿರಿಯನೆಂದು ನನ್ನ ಅಭಿಪ್ರಾಯವನ್ನು ಕೇಳಿದರು. "ಒಂದು ಬಾವಿಯನ್ನು ನೀರು ಸಿಕ್ಕುವವರೆಗೆ ತೋಡಬೇಕೇ ಹೊರತು, ಹತ್ತು ಕಡೆ ಮೊಳದುದ್ದ ಅಗೆದರೆ ನೀರು ಬಾರದು" ಎಂದು ನಾನು ತೀರ್ಪುಕೊಟ್ಟೆನು. ಹುಡುಗಿ ಎದುರಾಡಲಿಲ್ಲ, ಆದರೆ ಹೋಗಿ ಸೇರಿಕೊಂಡಳು.

ನನಗೆ ಮೊದಲು ತೊಡಕಾದುದು ಆ ಪದವಿಯ ಹೆಸರು. ವೈಯಾಕರಣನಿಗೆ ಹೆಸರು ಸರಿಯಾಗಿ ಕುಳಿತ ಹೊರತು ಊಟ ರುಚಿಸದು. 'ಸ್ಥಾ' ಧಾತುವಿಗೆ ನಮ್ಮ ಧಾತುಪಾಠದಲ್ಲಿ ಹೇಳಿರುವ ಅರ್ಥ ಗತಿನಿವೃತ್ತಿ, ಎಂದರೆ ಚಲನೆ ನಿಲ್ಲುವುದು. 'ನೀ' ಧಾತುವಿಗಾದರೋ ಪ್ರಾಪಣ, ಎಂದರೆ ಒಯ್ದು ತಲಪಿಸುವುದು. ನಿಲ್ಲುವುದನ್ನೂ ಒಯ್ಯುವುದನ್ನೂ ಒಂದೇ ಪದವಿಯಲ್ಲಿ ಹೇಗೆ ಕಟ್ಟಿದರು ಎಂದು ಅವಳನ್ನು ಕೇಳಿದೆನು. ಅವಳು ನಕ್ಕು, ಆ ಮಾತಿನ ಕಥೆಯನ್ನು ಹೇಳಿದಳು. ಜರ್ಮನಿಯ ಸ್ಯಾಕ್ಸನಿ ಸೀಮೆಯಲ್ಲಿ ಗಣಿಗಳ ಆಡಳಿತವನ್ನು ನೋಡುತ್ತಿದ್ದ ಕಾರ್ಲೊವಿಟ್ಸ್ ಎಂಬಾತನು ೧೭೧೩ರಲ್ಲಿ ಅರಣ್ಯಶಾಸ್ತ್ರದ ಒಂದು ಗ್ರಂಥವನ್ನು ಪ್ರಕಟಿಸಿದನು. ಗಣಿಗೂ ಕುಲುಮೆಗೂ ಮರ ಸಾಲದಾಗುತ್ತಿದ್ದ ಕಾಲವದು. ಕಾಡು ಬೆಳೆದಷ್ಟನ್ನೇ ಕಡಿದರೆ ಅದು ನಿರಂತರವಾಗಿ ಒದಗುವುದೆಂಬ ವಿಚಾರಕ್ಕೆ ಆತನ ಭಾಷೆಯಲ್ಲಿ ಬಂದ ಮಾತೇ ಈ ಪರಂಪರೆಯ ಮೂಲ. ಆ ದೇಶದವರೇ ಆದ ಬ್ರಾಂಡಿಸ್ ಎಂಬವರು ೧೮೬೪ರಲ್ಲಿ ಹಿಂದೂದೇಶದ ಅರಣ್ಯಗಳ ಮೊದಲನೆಯ ಇನ್ಸ್‌ಪೆಕ್ಟರ್ ಜನರಲ್ ಆದರು. ಮುಂದೆ ೧೯೮೭ರಲ್ಲಿ ನಾರ್ವೆಯ ಪ್ರಧಾನಿ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ಆಯೋಗವು, ಈಗಿನವರ ಅಗತ್ಯಗಳು ನೆರವೇರಬೇಕು, ಆದರೆ ಮುಂದಿನವರು ತಮ್ಮ ಅಗತ್ಯಗಳನ್ನು ನೆರವೇರಿಸಿಕೊಳ್ಳುವ ಶಕ್ತಿ ಕುಂದಬಾರದು ಎಂದು ಅದಕ್ಕೆ ಲಕ್ಷಣವನ್ನು ಹೇಳಿತು. ೨೦೧೫ರಲ್ಲಿ ವಿಶ್ವಸಂಸ್ಥೆಯು ಇದನ್ನೇ ೧೭ ಗುರಿಗಳಾಗಿ ವಿಂಗಡಿಸಿತು. "ನಿಲ್ಲುವುದೆಂದರೆ ಕಲ್ಲಿನಂತೆ ನಿಲ್ಲುವುದಲ್ಲ, ಸಣ್ಣಜ್ಜ, ಮನೆತನ ನಿಂತಿತು ಎನ್ನುವುದಿಲ್ಲವೇ, ಹಾಗೆ" ಎಂದಳು. ಜನರು ಹೋಗುತ್ತ ಬರುತ್ತ ಇದ್ದರೆ ತಾನೇ ಮನೆತನ ನಿಲ್ಲುವುದು! ಈ ಅರ್ಥ ನನಗೆ ಒಪ್ಪಿತು.

ಎರಡನೆಯ ತೊಡಕು ಹತ್ತು ಬಾವಿಗಳದು. ಅವಳ ಪಾಠಪಟ್ಟಿಯನ್ನು ತರಿಸಿಕೊಂಡು ನೋಡಿದೆನು. ಜೀವಿಪರಿಸರ ಶಾಸ್ತ್ರ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಭೂಪಟ ರಚನೆ, ಪರಿಸರ ಕಾನೂನು, ನೀತಿಶಾಸ್ತ್ರ, ಸಭೆಯನ್ನು ನಡೆಸುವ ಕ್ರಮ, ಕೊನೆಯ ವರ್ಷದಲ್ಲಿ ಒಂದು ಊರಿನ ಒಂದು ಸಮಸ್ಯೆಯನ್ನು ಹಿಡಿದು ಮಾಡತಕ್ಕ ಕೆಲಸ. ನೋಡಿ ನಗುವುದಕ್ಕೆಂದು ಕುಳಿತವನಿಗೆ ನಮ್ಮದೇ ಪಟ್ಟಿಯ ನೆನಪಾಯಿತು. ನಾಲ್ಕು ವೇದ, ಆರು ವೇದಾಂಗ, ಪುರಾಣ, ನ್ಯಾಯ, ಮೀಮಾಂಸೆ, ಧರ್ಮಶಾಸ್ತ್ರ ಎಂದು ಹದಿನಾಲ್ಕು; ಆಯುರ್ವೇದಾದಿ ನಾಲ್ಕು ಉಪವೇದಗಳನ್ನು ಕೂಡಿಸಿದರೆ ಹದಿನೆಂಟು ವಿದ್ಯೆಗಳು. ಪೂರ್ವಿಕರು ಇವನ್ನು ಹದಿನೆಂಟು ಬಾವಿಗಳೆಂದು ಎಣಿಸಲಿಲ್ಲ. ಯಾವ ಶಾಸ್ತ್ರಕ್ಕೆ ಹೋಗುವವನಾದರೂ ತರ್ಕವ್ಯಾಕರಣಗಳ ಮೂಲಕವೇ ಹೋಗಬೇಕೆಂದು ಕಟ್ಟುಮಾಡಿದ್ದರು. ಯಾಗದ ದಿನವನ್ನು ನಿರ್ಣಯಿಸುವುದಕ್ಕೆ ಜ್ಯೋತಿಷ, ವೇದಿಯನ್ನು ಅಳೆಯುವುದಕ್ಕೆ ಶುಲ್ಬದ ಗಣಿತ, ಮಂತ್ರವನ್ನು ಉಚ್ಚರಿಸುವುದಕ್ಕೆ ಶಿಕ್ಷಾ. ಕಾರ್ಯ ಒಂದು, ವಿದ್ಯೆಗಳು ಹಲವು. ನಾವು ಅವುಗಳೊಳಗೆ ಒಂದೆರಡನ್ನು ಹಿಡಿದು ಉಳಿದುವನ್ನು ಮರೆತೆವು. ಮರೆತುದನ್ನೇ ಆಳವೆಂದು ಕರೆದೆವು.

ಆದರೂ ಸಂದೇಹ ಪೂರ್ತಿಯಾಗಿ ತೀರಿರಲಿಲ್ಲ. ಅದು ತೀರಿದುದು ಈ ಬೇಸಗೆಯಲ್ಲಿ. ತನ್ನ ಕೊನೆಯ ವರ್ಷದ ಕೆಲಸಕ್ಕೆ ಅವಳು ನಮ್ಮೂರಿನ ಸೊಪ್ಪಿನ ಬೆಟ್ಟವನ್ನೇ ಆರಿಸಿಕೊಂಡು ಬಂದಳು.

ಈ ಜಿಲ್ಲೆಯ ವಾಚಕರಿಗೆ ಸೊಪ್ಪಿನ ಬೆಟ್ಟವನ್ನು ವಿವರಿಸಬೇಕಾದುದಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಅಡಕೆ ತೋಟಕ್ಕೆ ಸೊಪ್ಪು, ದರಕು ಬೇಕು. ಅವು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಬಿದ್ದು ಗೊಬ್ಬರವಾಗಿ ತೋಟಕ್ಕೆ ಹೋಗುವುವು. ಇದಕ್ಕಾಗಿ ಕಾಡಿನ ಒಂದು ಭಾಗವನ್ನು ತೋಟಗಳಿಗೆ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಲ್ಲಿ ಕಟ್ಟಳೆಯಾಯಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವುಂಟು. ನೆಲ ಸರಕಾರದ್ದು, ಸೊಪ್ಪಿನ ಸವಲತ್ತು ತೋಟಿಗನದು. ತನ್ನದೂ ಅಲ್ಲದ, ಪರರದೂ ಅಲ್ಲದ ಆಸ್ತಿ. ಆದುದರಿಂದ ಅದರ ಗತಿ ಅದನ್ನು ಬಳಸುವವರ ನಡತೆಯಂತೆ.

ಹುಡುಗಿ ಬೆಟ್ಟದಲ್ಲಿ ಹಗ್ಗ ಹಿಡಿದು ಹತ್ತು ಮೀಟರಿನ ಚೌಕಗಳನ್ನು ಗುರುತಿಸಿ, ಒಳಗಿದ್ದ ಮತ್ತಿ, ಹೊನ್ನೆ, ಕಿಂದಳ ಒಂದೊಂದನ್ನೂ ಅಳೆದು ಬರೆದುಕೊಂಡಳು. ನಾನು ಕೊಡೆ ಹಿಡಿದು ಹಿಂದೆ ಹೋಗುತ್ತಿದ್ದೆನು. ಬೆಟ್ಟ ಹಸುರಾಗಿಯೇ ಇದೆಯೆಂದು ನನ್ನ ಭಾವನೆ. ನಾಲ್ಕನೆಯ ದಿನ ಅವಳು ಪುಸ್ತಕವನ್ನು ತೋರಿಸಿ, "ದೊಡ್ಡ ಮರಗಳು ಇವೆ, ಸಣ್ಣಜ್ಜ, ಮೊಣಕಾಲೆತ್ತರದ ಮತ್ತಿ ಗಿಡ ಒಂದೂ ಇಲ್ಲ" ಎಂದಳು. ಸವರುವ ಕತ್ತಿಯೂ ಮೇಯುವ ದನವೂ ಎಳೆಯದನ್ನು ಉಳಿಸಿರಲಿಲ್ಲ. ಮುದುಕರೇ ತುಂಬಿರುವ, ತೊಟ್ಟಿಲಿಲ್ಲದ ಮನೆ! ಅರುವತ್ತು ವರ್ಷ ಆ ಬೆಟ್ಟದ ಕೆಳಗೆ ಬಾಳಿದ ನಾನು ಇದನ್ನು ನೋಡಿದ್ದೆನು, ಆದರೆ ಕಂಡಿರಲಿಲ್ಲ.

ರಾತ್ರಿ ಅವಳು ಕಾಗದದ ಮೇಲೆ ಒಂದು ಚಕ್ರವನ್ನು ಬರೆದಳು. ಬೆಟ್ಟ ಬೋಳಾದಂತೆ ಸೊಪ್ಪು ಕಡಮೆ. ಸೊಪ್ಪು ಕಡಮೆಯಾದಂತೆ ಉಳಿದ ಮರಗಳನ್ನೇ ಹೆಚ್ಚು ಸವರುವರು. ಸವರಿದಷ್ಟೂ ಬೆಟ್ಟ ಬೋಳು. "ಇದು ಅನ್ಯೋನ್ಯಾಶ್ರಯ, ತರ್ಕದಲ್ಲಿ ದೋಷ" ಎಂದೆನು. "ತರ್ಕದಲ್ಲಿ ದೋಷವಾದುದು ಬೆಟ್ಟದಲ್ಲಿ ನಡೆಯುತ್ತಿದೆಯಲ್ಲ!" ಎಂದಳು. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ ಎಂಬಂತೆ ಲೋಕದಲ್ಲಿ ಕಂಡುಬರುವ ಪರಸ್ಪರ ಕಾರಣಭಾವವನ್ನು ನಮ್ಮ ತಾರ್ಕಿಕರೂ ದೋಷವೆಂದು ತಳ್ಳಲಿಲ್ಲವೆಂಬುದನ್ನು ಆಗ ನೆನಪುಮಾಡಿಕೊಂಡು ಹೇಳಿದೆನು. ಅವಳು ಬೀಜಾಂಕುರ ಎಂಬ ಮಾತನ್ನು ತನ್ನ ಚಕ್ರದ ಪಕ್ಕದಲ್ಲಿ ಬರೆದುಕೊಂಡಳು. ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಹೀಗೆ ಎಲ್ಲರಿಗೂ ಸೇರಿದ ಆಸ್ತಿ ಎಲ್ಲರಿಂದಲೂ ಹಾಳಾಗುವುದೆಂದು ಹಾರ್ಡಿನ್ ಎಂಬ ಅಮೆರಿಕದ ವಿದ್ವಾಂಸನು ೧೯೬೮ರಲ್ಲಿ ವಾದಿಸಿದನಂತೆ. ಆ ದೇಶದವರೇ ಆದ ಎಲಿನರ್ ಆಸ್ಟ್ರಮ್ ಎಂಬ ವಿದುಷಿಯು ೧೯೯೦ರ ತಮ್ಮ ಗ್ರಂಥದಲ್ಲಿ, ಜನರು ತಾವೇ ಕೂಡಿ ನಿಯಮವನ್ನು ಮಾಡಿಕೊಂಡಲ್ಲಿ ಅದು ಶತಮಾನಗಳ ಕಾಲ ಉಳಿದುದನ್ನು ತೋರಿಸಿದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯವರು ೧೫೧೭ರಲ್ಲಿಯೇ, ಚಳಿಗಾಲದಲ್ಲಿ ತಾನು ಸಾಕಬಲ್ಲ ಹಸುಗಳಿಗಿಂತ ಹೆಚ್ಚಿನವನ್ನು ಯಾರೂ ಬೆಟ್ಟದ ಹುಲ್ಲುಗಾವಲಿಗೆ ಹೊಡೆಯಬಾರದೆಂದು ಕಟ್ಟುಮಾಡಿದ್ದರು. ಈ ಶೋಧನೆಗಾಗಿ ಆಸ್ಟ್ರಮ್ ಅವರಿಗೆ ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನದ ಪಾಲು ದೊರೆಯಿತು. ಆ ಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲನೆಯ ಸ್ತ್ರೀ ಅವರೇ.

ನಮ್ಮ ಜಗಲಿಯಲ್ಲಿ ೧೧ ಮನೆಗಳವರು ಸೇರಿದರು. ನಾಯಕತ್ವವನ್ನು ಓದಿದವಳು ಭಾಷಣ ಮಾಡುವಳೆಂದು ನಾನು ಅಂಜಿದ್ದೆನು. ಅವಳು ಲೆಕ್ಕವನ್ನು ಓದಿ ಹೇಳಿ, "ಹಿಂದೆ ಸವರುವುದಕ್ಕೆ ಏನು ಕ್ರಮವಿತ್ತು?" ಎಂದು ಹಿರಿಯರನ್ನು ಕೇಳಿ ಸುಮ್ಮನೆ ಕುಳಿತಳು. ಬಳಿಕ, ಅದುವರೆಗೆ ಯಾರೂ ಕೇಳದಿದ್ದವರನ್ನು, ಎಂದರೆ ದರಕು ಹೊರುವ ಹೆಂಗಸರನ್ನು, ಕೇಳಿದಳು. ಎಲ್ಲಿ ಮೊಳಕೆ ಬರುವುದು, ಎಲ್ಲಿ ಸಾಯುವುದೆಂಬುದು ಅವರಿಗೆ ಅಂಗೈ ನೆಲ್ಲಿಯಾಗಿತ್ತು. ಬೆಟ್ಟದ ಮೂರನೆಯ ಒಂದು ಭಾಗವನ್ನು ಮೂರು ವರ್ಷ ಕತ್ತಿ ಮುಟ್ಟಿಸದೆ ಬಿಡುವುದು, ಬಳಿಕ ಸರದಿಯಂತೆ ಮತ್ತೊಂದು ಭಾಗ, ಎಂದು ೮ ಮನೆಗಳವರು ಒಪ್ಪಿದರು. ೩ ಮನೆಗಳವರು ಎದ್ದುಹೋದರು.

ಅಂದು ರಾತ್ರಿ ಅವಳು ಕೇಳಿದಳು: "ಸಣ್ಣಜ್ಜ, ಅಪ್ಪಿಕೋ ಚಳವಳಿಯ ದಿನ ನೀನು ಎಲ್ಲಿದ್ದೆ?"

೧೯೮೩ನೆಯ ಇಸವಿ ಸೆಪ್ಟೆಂಬರ್ ೮ರಂದು ಸಾಲ್ಕಣಿಯ ಕಡೆಯ ಜನರು, ಹಿಮಾಲಯದ ಚಿಪ್ಕೋದವರಂತೆ, ಕಾಡಿಗೆ ಹೋಗಿ ಕೊಡಲಿಯೆದುರು ಮರಗಳನ್ನು ಅಪ್ಪಿ ನಿಂತರು. ಆ ದಿನಗಳಲ್ಲಿ ಅಣ್ಣನವರು ಬುತ್ತಿ ಕಟ್ಟಿಕೊಂಡು ನಡೆದುಹೋದರು, "ಬರುತ್ತೀಯಾ?" ಎಂದು ನನ್ನನ್ನೂ ಕರೆದರು. ನನಗೆ ಆಗ ನೌಕರಿ ಹೊಸದು, ಖಾಯಂ ಆಗಿರಲಿಲ್ಲ. ಪಾಠವಿದೆಯೆಂದೆನು. ಅಂದು ತರಗತಿಯಲ್ಲಿ, ತಾನು ಬಿಸಿಲಿನಲ್ಲಿ ನಿಂತು ಪರರಿಗೆ ನೆರಳು ಕೊಡುವ ಮರದ ಸುಭಾಷಿತವನ್ನು ಅನ್ವಯಸಹಿತವಾಗಿ ಕಲಿಸಿದೆನು. ಇದನ್ನು ನಾನು ಅಣ್ಣನವರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಈ ಹುಡುಗಿಗೆ ಹೇಳಿದೆನು. ಹೆದರಿದ್ದೆನೆಂದೂ ಹೇಳಿದೆನು.

ಅವಳು ಸಮಾಧಾನ ಹೇಳಲಿಲ್ಲ, ನಿಂದಿಸಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಬಾರದವರು ಏಕೆ ಬರಲಿಲ್ಲವೆಂಬುದನ್ನು ನಾನು ಕೇಳಲೇ ಇಲ್ಲ" ಎಂದಳು. ಮರುದಿನ ಬೆಳಗ್ಗೆ ಎದ್ದುಹೋದ ಆ ೩ ಮನೆಗಳಿಗೆ ಹೊರಟಳು. ಒಂದು ಮನೆಯಲ್ಲಿ ಇರುವವಳು ವಿಧವೆಯೊಬ್ಬಳೇ. ದೂರದಿಂದ ಸೊಪ್ಪು ತರಿಸುವುದಕ್ಕೆ ಆಳಿಗೆ ಕೊಡಲು ಅವಳಲ್ಲಿ ಹಣವಿಲ್ಲ; ನಾವು ಮುಚ್ಚಿದ ಭಾಗವೇ ಅವಳ ಮನೆಗೆ ಹತ್ತಿರದ್ದು. ಇದನ್ನು ೮ ಮನೆಗಳ ನಾವು ಯಾರೂ ಯೋಚಿಸಿರಲಿಲ್ಲ. ಅವಳ ಪಾಲಿನ ದರಕನ್ನು ಉಳಿದವರು ಹೊರಿಸಿಕೊಡುವುದೆಂದಾಯಿತು; ಅವಳು ಒಪ್ಪಿದಳು. ಎರಡನೆಯ ಮನೆಯವರು ಇನ್ನೂ ಒಪ್ಪಿಲ್ಲ. ಮೂರನೆಯ ಮನೆಗೂ ನಮಗೂ ಬೇಲಿಯ ವಿಷಯವಾಗಿ ಇಪ್ಪತ್ತು ವರ್ಷಗಳಿಂದ ಮಾತಿಲ್ಲ. "ಅಲ್ಲಿಗೆ ನಾನೊಬ್ಬಳೇ ಹೋದರೆ ಆಗದು" ಎಂದಳು. ನಾನು ಕೊಡೆಯನ್ನು ತೆಗೆದುಕೊಂಡೆನು. ಆ ಮನೆಯ ಯಜಮಾನರು ಮೊದಲು ಕುಳಿತುಕೊಳ್ಳಿರೆಂದೂ ಹೇಳಲಿಲ್ಲ. ಹೊರಡುವ ಹೊತ್ತಿಗೆ ಕವಳದ ತಟ್ಟೆಯನ್ನು ಮುಂದಿಟ್ಟರು. ಬೆಟ್ಟದ ವಿಷಯವಾಗಿ "ನೋಡೋಣ" ಎಂದಿರುವರು.

ಮೂರು ವರ್ಷಗಳ ಬಳಿಕ ಆ ಬೆಟ್ಟದಲ್ಲಿ ಮತ್ತಿಯ ಗಿಡಗಳು ಬರುವುವೋ, ಅಷ್ಟು ಕಾಲ ಈ ಒಪ್ಪಂದ ನಿಲ್ಲುವುದೋ, ಕಾದು ನೋಡತಕ್ಕ ವಿಷಯ. ಹುಡುಗಿಗೆ ಯಾವ ಕೆಲಸ ಸಿಕ್ಕುವುದೆಂಬುದೂ ಹಾಗೆಯೇ. ಸಾಲದ ಕಂತುಗಳಂತೂ ತಪ್ಪದೆ ಬರುವುವು. ಆ ಚಿಂತೆಯನ್ನು ಚಿಕ್ಕದೆಂದು ನಾನು ಹೇಳಲಾರೆನು. ಆದರೆ ನಾಯಕನೆಂದರೆ ಮುಂದೆ ನಡೆಯುವವನೆಂದು ಇಷ್ಟು ವರ್ಷ ಮಕ್ಕಳಿಗೆ ಅರ್ಥ ಬರೆಸಿದ್ದೆನು. ಅದನ್ನು ಈಗ ತಿದ್ದಬೇಕಾಗಿದೆ. ತಲಪಿಸುವವನು ನಾಯಕನು. ಹಿಂದೆ ಉಳಿದವನು ಏಕೆ ಉಳಿದನೆಂದು ತಿರುಗಿ ಬಂದು ಕೇಳದಿದ್ದರೆ, ತಲಪಿಸುವುದೆಂತು?

ಮುಂದಿನ ಉಪನಯನದಲ್ಲಿ ಆ ಹಿರಿಯರು ಮತ್ತೆ ಸಿಕ್ಕಿದರೆ ಏನು ಹೇಳಬೇಕೆಂದು ಯೋಚಿಸುತ್ತಿರುವೆನು. ಒಂದು ಮಾತಿನ ಉತ್ತರ ಈಗಲೂ ಹೊಳೆದಿಲ್ಲ. ಪಾಯಸ ಬರುವುದರೊಳಗೆ ಮುಗಿಯುವುದಾದರೆ, ಬೆಟ್ಟದ ಕಥೆಯನ್ನೇ ಹೇಳುವೆನು.