ತಳೆಯೂ ಹಗ್ಗವೂ

ಮನುಷ್ಯನ ಪೂರ್ವಿಕರು ಮರದ ಮೇಲೆ ವಾಸಿಸುತ್ತಿದ್ದರೆಂದು ವಿಜ್ಞಾನಿಗಳು ಹೇಳುತ್ತಾರೆ. ಎಲ್ಲರ ಪೂರ್ವಿಕರ ಮಾತು ನಾನರಿಯೆ. ನನ್ನ ತಂದೆಯಂತೂ ವರ್ಷದ ಅರ್ಧವನ್ನು ಮರದ ಮೇಲೆಯೇ ಕಳೆದವರು. ಅವರು ಕೊನೆಗಾರರು. ಚಳಿಗಾಲದಲ್ಲಿ ಅಡಿಕೆ ಮರವನ್ನೇರಿ ಕೊನೆ ಕೊಯ್ಯುವುದು, ಮಳೆಗಾಲದಲ್ಲಿ ಅದೇ ಮರವನ್ನೇರಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಅವರ ಕಸುಬು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೆಟ್ಟಿಲಿಗೆ ಬೇಕಾದ ಹಣವೆಲ್ಲ ಮರದ ತುದಿಯಿಂದಲೇ ಇಳಿದು ಬಂದದ್ದು.

ಅಡಿಕೆ ಮರ ಹತ್ತಲು ಅಪ್ಪನಿಗೆ ಬೇಕಾದುದು ಒಂದು ತಳೆ ಮಾತ್ರ. ಹಗ್ಗವನ್ನು ಬಳೆಯಂತೆ ಸುತ್ತಿ ಎರಡು ಪಾದಗಳಿಗೂ ತೊಡಿಸುವ ಸಾಧನವಿದು. ಪಾದಗಳು ಅಗಲಲಾರವು, ಅವುಗಳ ನಡುವೆ ಮರ ಸಿಕ್ಕಿಕೊಳ್ಳುತ್ತದೆ. ಕೈಯಿಂದ ಮರವನ್ನು ಅಪ್ಪಿ, ಮೊಣಕಾಲು ಮಡಿಸಿ, ಮತ್ತೆ ನೆಟ್ಟಗಾದರೆ ಒಂದು ನೆಗೆತ. ಐವತ್ತಡಿ ಮರವನ್ನು ಅಪ್ಪ ಹತ್ತುವುದನ್ನು ನೋಡಿದರೆ, ಮರವೇ ಅವರನ್ನು ಮೇಲಕ್ಕೆ ಎಳೆದುಕೊಂಡಂತೆ ತೋರುತ್ತಿತ್ತು. ಮೇಲೆ ಹೋದ ಮೇಲೆ ಪಕ್ಕದ ಮರವನ್ನು ಕೊಕ್ಕೆಯಿಂದ ಸೆಳೆದು, ನೆಲಕ್ಕಿಳಿಯದೆ ಅದಕ್ಕೆ ದಾಟುತ್ತಿದ್ದರು. ಆ ಒಂದು ಗಳಿಗೆಯಲ್ಲಿ ಅವರು ಯಾವ ಮರದವರೂ ಅಲ್ಲ.

ಇಂಥ ಕೆಲಸ ಮಳೆಗಾಲದಲ್ಲೇ ಏಕೆ ಬೇಕು ಎಂದು ಸ್ನೇಹಿತರು ಕೇಳಿಯಾರು. ಕೊಳೆರೋಗ ಹಬ್ಬುವುದೇ ಮಳೆಯಲ್ಲಿ. 1910ರ ಸುಮಾರಿನಲ್ಲಿ ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಅನಂತರ ಇನ್ನೊಮ್ಮೆ. ಆ ಎರಡನೆಯ ಸರದಿ ಬರುವ ಹೊತ್ತಿಗೆ ಮರದ ಮೈಯೆಲ್ಲ ಹಾವಸೆ. ಔಷಧಿ ಮರವನ್ನು ಉಳಿಸಿತು. ಮರ ಹತ್ತುವವನನ್ನು ಉಳಿಸುವ ಉಪಾಯ ಅದರ ಜೊತೆಗೆ ಬರಲಿಲ್ಲ.

2023ರ ಆಗಸ್ಟ್ ತಿಂಗಳಿನ ಒಂದು ಸಂಜೆ ಅಪ್ಪ ಬಿದ್ದರು. ತುದಿಯಿಂದಲ್ಲ, ಇಳಿಯುತ್ತ ಹತ್ತಡಿ ಉಳಿದಿದ್ದಾಗ. ದಿನದ ಕೊನೆಯ ಮರವದು. ಹಿಮ್ಮಡಿಯ ಎಲುಬು ಒಡೆಯಿತು. “ಹತ್ತಡಿ ತಾನೆ, ದೇವರು ದೊಡ್ಡವನು” ಎಂದು ನೋಡಲು ಬಂದವರೆಲ್ಲ ಹೇಳಿದರು. ನಾನು ಮಾತ್ರ ಪ್ರೌಢಶಾಲೆಯಲ್ಲಿ ಕಲಿತ ಲೆಕ್ಕವನ್ನು ಹಾಳೆಯ ಮೇಲೆ ಮಾಡಿ ನೋಡಿದೆ. ನಲವತ್ತಡಿಯಿಂದ ಬಿದ್ದವನು ಒಂದೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ. ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು ಐವತ್ತೈದು ಕಿಲೋಮೀಟರು, ನಮ್ಮೂರ ಬಸ್ಸಿಗಿಂತ ಹೆಚ್ಚು. ಆ ಹಾಳೆಯನ್ನು ಅಮ್ಮನಿಗೆ ತೋರಿಸಲಿಲ್ಲ.

ಆ ವರ್ಷದ ಕೊಯ್ಲಿಗೆ ಮರ ಹತ್ತುವವರು ಯಾರು? ಮನೆಯಲ್ಲಿ ಉಳಿದವನು ನಾನೊಬ್ಬನೇ. ಹದಿನೈದನೆಯ ವಯಸ್ಸಿನಿಂದಲೂ ರಜೆಯಲ್ಲಿ ತಳೆ ತೊಟ್ಟು ಅಭ್ಯಾಸವಿತ್ತು. ಅಮ್ಮ ಒಂದೇ ಮಾತು ಹೇಳಿದರು: “ಹತ್ತೂದಾದ್ರೆ ಬೀಳದ ಹಾಗೆ ಹತ್ತು. ಇಲ್ದಿದ್ರೆ ಕಾಲೇಜು ಬ್ಯಾಡ, ಮರಾನೂ ಬ್ಯಾಡ.” ಬೀಳದ ಹಾಗೆ ಹತ್ತುವುದು ಹೇಗೆ? ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ಪ್ರಶ್ನೆಗೆ ನಾನು ಉತ್ತರ ಹುಡುಕಲು ಹೊರಟೆ.

ಮೊದಲು ಕಂಡದ್ದು ಯಂತ್ರಗಳು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಪೆಟ್ರೋಲಿನಿಂದ ಓಡುವ, ಕುಳಿತುಕೊಂಡೇ ಮರವೇರುವ ಬೈಕನ್ನು ರಚಿಸಿ 2019ರಲ್ಲಿ ದೇಶಕ್ಕೆಲ್ಲ ಪರಿಚಿತರಾದರು. ಆದರೆ ಅದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಮೇಲಾಗಿ ಪ್ರತಿ ಮರಕ್ಕೂ ಹತ್ತಿ ಇಳಿದು, ಕಾಲುವೆ ದಾಟಿ, ಯಂತ್ರವನ್ನು ಹೊತ್ತೊಯ್ಯಬೇಕು. ತೆಂಗಿನ ಮರಕ್ಕೆ ಎರಡು ಪೆಡಲುಗಳ ಸಾಧನವಿದೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ಯುವಕರಿಗೆ ಅದರಲ್ಲಿ ತರಬೇತಿ ಕೊಡಿಸಿದೆ. ಅದರಲ್ಲೂ ಮರದಿಂದ ಮರಕ್ಕೆ ದಾಟುವಂತಿಲ್ಲ. ಮೂರನೆಯದು ಕಾರ್ಬನ್ ಫೈಬರಿನ ದೋಟಿ. ಹಗುರವಾದ ಉದ್ದನೆಯ ಕೋಲಿನಿಂದ ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ನಿಜ ಹೇಳಬೇಕೆಂದರೆ ಅತ್ಯಂತ ಸುರಕ್ಷಿತವಾದ ಮರ ಹತ್ತುವ ವಿಧಾನವೆಂದರೆ ಹತ್ತದೆ ಇರುವುದೇ! ಆದರೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ತೋಟದ ಒಡೆಯರು ಕೊಂಡರೆ ಉಂಟು, ಕೂಲಿಯವನು ಕೊಳ್ಳುವಂಥದಲ್ಲ.

ಕೊನೆಗೆ ದಾರಿ ತೋರಿಸಿದವರು, ಆಶ್ಚರ್ಯವೆಂದರೆ, ಅಮೆರಿಕದ ಬೇಟೆಗಾರರು. ಅಲ್ಲಿ ಜಿಂಕೆಯ ಬೇಟೆಗೆಂದು ಮರವೇರಿ, ಸೊಂಟಕ್ಕೆ ‘ಸ್ಯಾಡಲ್’ ಎಂಬ ಪಟ್ಟಿಯ ಜೀನನ್ನು ಕಟ್ಟಿಕೊಂಡು, ಹಗ್ಗದ ಆಧಾರದಿಂದ ಗಂಟೆಗಟ್ಟಲೆ ಮರಕ್ಕೆ ಒರಗಿ ಕೂರುವವರಿದ್ದಾರೆ. ನಮ್ಮಲ್ಲಿ 1972ರ ಕಾಯಿದೆಯ ಪ್ರಕಾರ ಬೇಟೆ ಅಪರಾಧ. ಬೇಟೆಯ ಮೇಲೆ ನನಗೆ ಮೋಹವೂ ಇಲ್ಲ. ಆದರೆ ಅವರ ಹಗ್ಗದ ವಿದ್ಯೆ ನನ್ನನ್ನು ಹಿಡಿದು ನಿಲ್ಲಿಸಿತು. ಏಣಿಯಿಂದ ಹತ್ತಲಿ, ಮೆಟ್ಟುಗೋಲಿನಿಂದ ಹತ್ತಲಿ, ಅವರ ಸೂತ್ರ ಒಂದೇ: ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವ ಕ್ಷಣದವರೆಗೆ ದೇಹ ಮರಕ್ಕೆ ಕಟ್ಟಿರಬೇಕು. ಅವರು ವಿನೋದಕ್ಕಾಗಿ ಹತ್ತುವವರು, ಇಷ್ಟು ಎಚ್ಚರ ವಹಿಸುತ್ತಾರೆ. ಹೊಟ್ಟೆಗಾಗಿ ಹತ್ತುವ ನಾವು ಬರಿಮೈಯಲ್ಲಿ ಹತ್ತುತ್ತೇವೆ.

ಕಟ್ಟಡ ಕೆಲಸದವರು ತೊಡುವ, ಭುಜ ತೊಡೆಗಳೆರಡನ್ನೂ ಬಳಸುವ ಹಾರ್ನೆಸ್ಸನ್ನು ಪೇಟೆಯಿಂದ ತಂದೆ. ಬರಿಯ ಸೊಂಟಪಟ್ಟಿಯನ್ನು ಆರಿಸಲಿಲ್ಲ. ಬಿದ್ದಾಗ ಅದು ಇಡೀ ಭಾರವನ್ನು ನಡುವಿನ ಮೇಲೆಯೇ ಹಾಕುತ್ತದೆ. ಮರಕ್ಕೆ ಹಗ್ಗ ಬಳಸುವುದರಲ್ಲೂ ಒಂದು ಮರ್ಮವಿದೆ. ಸಡಿಲವಾಗಿ ಸುತ್ತಿದ ಹಗ್ಗ ನುಣುಪಾದ ಅಡಿಕೆ ಮರದಲ್ಲಿ ಕೆಳಗೆ ಜಾರಿಬಿಡುತ್ತದೆ, ನಮ್ಮನ್ನೂ ಜೊತೆಗೆ ಒಯ್ಯುತ್ತದೆ. ಭಾರ ಬಿದ್ದೊಡನೆ ಬಿಗಿಯಾಗುವ ಜೀರುಗುಣಿಕೆಯೇ ಬೇಕು. ಅದನ್ನು ಎದೆಗಿಂತ ಮೇಲೆ ತಳ್ಳುತ್ತ ಹೋಗಬೇಕು. ಹಗ್ಗ ಎಷ್ಟು ಸಡಿಲವೋ ಬೀಳುವ ದೂರ ಅಷ್ಟು. ಮರ ದಾಟುವುದಕ್ಕಾಗಿ ಎರಡು ಹಗ್ಗಗಳನ್ನು ಇಟ್ಟುಕೊಂಡೆ. ಎರಡನೆಯದನ್ನು ಹೊಸ ಮರಕ್ಕೆ ಬಿಗಿದ ಮೇಲೆಯೇ ಮೊದಲನೆಯದನ್ನು ಬಿಡುವುದು. ಒಬ್ಬನೇ ಎಂದೂ ಹತ್ತುವುದಿಲ್ಲ. ಪ್ರಜ್ಞೆ ತಪ್ಪಿ ಹಾರ್ನೆಸ್ಸಿನಲ್ಲಿ ನೇತಾಡುವವನನ್ನು ಬೇಗನೆ ಇಳಿಸದಿದ್ದರೆ ಅದೂ ಪ್ರಾಣಾಂತಿಕ.

ಇಷ್ಟೆಲ್ಲ ಕಲಿತ ಹೆಮ್ಮೆಯಿಂದ ನಾನು ಅಪ್ಪನ ಮುಂದೆ ಹಗ್ಗಗಳನ್ನು ಹರಡಿದೆ. ಅವರು ಕೋಲೂರಿಕೊಂಡು ಬಂದು ನೋಡಿದರು.

“ಹಗ್ಗ ಗಟ್ಟಿ ಅದೆ ತಮ್ಮಾ. ಮರ?”

ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ಕುಂಟುತ್ತಲೇ ತೋಟಕ್ಕಿಳಿದು, ಕತ್ತಿಯ ಹಿಂಬದಿಯಿಂದ ಒಂದೊಂದು ಮರದ ಬುಡವನ್ನೂ ಬಡಿದು ಸದ್ದು ಕೇಳಿಸಿದರು. ಗಟ್ಟಿ ಮರದ ಸದ್ದು ಬೇರೆ, ಟೊಳ್ಳು ಮರದ್ದು ಬೇರೆ. ನೈರುತ್ಯ ದಿಕ್ಕಿನ ಬಿಸಿಲು ಬಿದ್ದು ಕಾಂಡ ಸುಟ್ಟು ಸೀಳಿದ ಮರಗಳನ್ನು ತೋರಿಸಿ, “ಇದ್ಕೆ ನೀ ಎಂಥ ಹಗ್ಗ ಕಟ್ಟಿದ್ರೂ ಮರಾನೇ ನಿನ್ ಸಂಗಡ ಬತ್ತದೆ” ಎಂದರು. ಮುರಿಯುವ ಮರಕ್ಕೆ ಕಟ್ಟಿಕೊಂಡವನನ್ನು ಯಾವ ಗಂಟೂ ಕಾಯಲಾರದು. ನನ್ನ ಪಟ್ಟಿಯಲ್ಲಿ ಮೊದಲು ಬರೆಯಬೇಕಾಗಿದ್ದುದೇ ಬಿಟ್ಟುಹೋಗಿತ್ತು.

ಮೊದಲ ದಿನ ನಾನು ಅಪ್ಪನ ಲೆಕ್ಕದ ಅರ್ಧದಷ್ಟು ಕೊನೆಗಳನ್ನೂ ಇಳಿಸಲಿಲ್ಲ. ಕೊನೆಗಿಷ್ಟೆಂದು ಕೂಲಿಯಾದುದರಿಂದ, ಹಗ್ಗ ಬಿಗಿದ ಪ್ರತಿಯೊಂದು ನಿಮಿಷವೂ ನನ್ನ ಜೇಬಿನಿಂದಲೇ ಹೋಯಿತು. ಜೊತೆಯವರು, “ಬಿ. ಎ. ಓದಿದವ ಮರಕ್ಕೆ ತಾಳಿ ಕಟ್ಟಿ ಹತ್ತುತಾನೆ” ಎಂದು ನಕ್ಕರು. ಅಂದು ನನಗೆ ಹೊಳೆದ ಸಂಗತಿ ಇದು: ನಮ್ಮವರು ಹಗ್ಗವಿಲ್ಲದೆ ಹತ್ತುವುದು ಧೈರ್ಯದಿಂದಲ್ಲ, ಅಜ್ಞಾನದಿಂದಲೂ ಅಲ್ಲ, ಹಗ್ಗ ಕಟ್ಟುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ, ಅದರಿಂದ. ಮರುದಿನ ತೋಟದ ಒಡೆಯರ ಬಳಿ ಹೋಗಿ, ಕೊನೆಯ ಲೆಕ್ಕ ಬೇಡ, ದಿನದ ಲೆಕ್ಕ ಕೊಡಿರೆಂದು ಕೇಳಿದೆ. ಅವರು ಅಪ್ಪನ ಕಾಲಿನ ಕಡೆ ನೋಡಿದರು. ಬಹಳ ಹೊತ್ತಿನ ಮೇಲೆ ಒಪ್ಪಿದರು. ಇನ್ನೊಬ್ಬ ಒಡೆಯರು ಒಪ್ಪಲಿಲ್ಲ. ಆ ತೋಟಕ್ಕೆ ನಾನು ಹೋಗಲಿಲ್ಲ; ಆ ಸಲದ ಪುಸ್ತಕಗಳನ್ನು ಗ್ರಂಥಾಲಯದಿಂದಲೇ ಓದಿದೆ.

ಈಗಲೂ ರಜಾದಿನಗಳಲ್ಲಿ ನಾನು ಹತ್ತುತ್ತೇನೆ. ತಳೆ ಕಾಲಿನಲ್ಲಿದೆ, ಹಗ್ಗ ಮೈಯಲ್ಲಿದೆ. ಅಪ್ಪ ಕೆಳಗೆ ನಿಂತು ಮರ ಬಡಿದು ಸದ್ದು ಕೇಳುತ್ತಾರೆ. ಅವರು ತಲೆಯಾಡಿಸಿದ ಮೇಲೆ ನನ್ನ ಹೆಜ್ಜೆ ನೆಲ ಬಿಡುತ್ತದೆ. ಕಳೆದ ಕೊಯ್ಲಿನಲ್ಲಿ, ಅಂದು ನಕ್ಕವರಲ್ಲೊಬ್ಬನು ಸಂಜೆ ಮನೆಗೆ ಬಂದು, ಜೀರುಗುಣಿಕೆ ಹಾಕುವುದನ್ನು ತೋರಿಸೆಂದು ಕೇಳಿದನು. ಅಪ್ಪನೇ ಹಗ್ಗ ತೆಗೆದುಕೊಂಡು, ಅವನನ್ನು ಅಂಗಳದ ಕಂಬದ ಬಳಿಗೆ ಕರೆದೊಯ್ದರು.